ಸುಬ್ಬರಾವ್ ಸಾಧನೆ: ಉಲ್ಲೇಖಗಳ ಲೆಕ್ಕ ಹೇಳುವುದೇನು, ಹೇಳದಿರುವುದೇನು?

ವಿಜ್ಞಾನಿಯೊಬ್ಬರ ಸಾಧನೆಯನ್ನು ಅಳೆಯಲು ವಿಶ್ವವಿದ್ಯಾಲಯಗಳೂ ಧನಸಹಾಯ ನೀಡುವ ಸಂಸ್ಥೆಗಳೂ ಇಂದು ಎರಡು ಅಳತೆಗೋಲುಗಳನ್ನು ಹೆಚ್ಚಾಗಿ ಬಳಸುತ್ತವೆ. ಅವರು ಪ್ರಕಟಿಸಿದ ಸಂಶೋಧನಾ ಪ್ರಬಂಧಗಳೆಷ್ಟು ಎಂಬುದು ಒಂದು. ಆ ಪ್ರಬಂಧಗಳನ್ನು ಇತರ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದು ಇನ್ನೊಂದು. ಕ್ಯಾನ್ಸರ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಭಾರತೀಯ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರಿಗೆ ಈ ಅಳತೆಯನ್ನು ಅನ್ವಯಿಸಿದರೆ ದೊರೆಯುವ ಉತ್ತರ ಮಾತ್ರ ವಿಚಿತ್ರವಾಗಿದೆ.

ಉಲ್ಲೇಖಗಳನ್ನು ಪಟ್ಟಿ ಮಾಡುವ ಕಲ್ಪನೆಯನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಅವರ ಸಂಸ್ಥೆ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಹೊರತಂದಿತು. ಒಂದು ವಿಷಯಕ್ಕೆ ಸಂಬಂಧಿಸಿದ ಪ್ರಬಂಧಗಳನ್ನು ಸುಲಭವಾಗಿ ಹುಡುಕಲು ನೆರವಾಗುವುದು ಅದರ ಮೂಲ ಉದ್ದೇಶ. ಕಾಲಕ್ರಮೇಣ ಅದೇ ಪಟ್ಟಿ ನೇಮಕಾತಿ, ಬಡ್ತಿಗಳ ಮಾನದಂಡವೂ ಆಯಿತು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ 'ಎಚ್-ಸೂಚ್ಯಂಕ'ವನ್ನು ರೂಪಿಸಿದರು. ಒಬ್ಬ ಸಂಶೋಧಕರ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದು, 21 ಪ್ರಬಂಧಗಳು ತಲಾ 21 ಉಲ್ಲೇಖಗಳನ್ನು ಮುಟ್ಟಿರದಿದ್ದರೆ ಅವರ ಸೂಚ್ಯಂಕ 20.

ಸುಬ್ಬರಾವ್ 1895ರಲ್ಲಿ ಈಗಿನ ಆಂಧ್ರಪ್ರದೇಶದ ಭೀಮವರಂನಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು, 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ತೆರಳಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಅವರೊಡಗೂಡಿ 1925ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಸಾವಿರಾರು ಬಾರಿ ಉಲ್ಲೇಖಗೊಂಡಿದೆ. ಆದರೆ ಅದರ ವಿಷಯ ಕ್ಯಾನ್ಸರ್ ಅಲ್ಲ. ರಕ್ತ ಮತ್ತು ಮೂತ್ರದಲ್ಲಿರುವ ರಂಜಕದ ಪ್ರಮಾಣವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಅದು ವಿವರಿಸುತ್ತದೆ. ಆ ವಿಧಾನವನ್ನು ಬಳಸಿದ ಪ್ರಯೋಗಾಲಯಗಳೆಲ್ಲ ಅದನ್ನು ಉಲ್ಲೇಖಿಸುತ್ತ ಬಂದದ್ದರಿಂದ ಸಂಖ್ಯೆ ಬೆಳೆಯುತ್ತಲೇ ಹೋಯಿತು.

ಕ್ಯಾನ್ಸರ್‌ಗೆ ಸಂಬಂಧಿಸಿದ ಕಥೆ ಆರಂಭವಾಗುವುದು ಆನಂತರ. 1940ರಲ್ಲಿ ಸುಬ್ಬರಾವ್ ಲೆಡರ್ಲಿ ಔಷಧ ಕಂಪನಿಯನ್ನು ಸೇರಿದರು. ಬಳಿಕ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಜೀವಕೋಶಗಳು ವಿಭಜನೆಗೊಳ್ಳಲು ಈ ಜೀವಸತ್ವ ಅನಿವಾರ್ಯ. ಹಾಗಿದ್ದಲ್ಲಿ, ಅದನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ವಸ್ತುವೊಂದನ್ನು ದೇಹಕ್ಕೆ ಸೇರಿಸಿದರೆ? ಅತಿವೇಗವಾಗಿ ವಿಭಜಿಸುವ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ತಡೆ ಬೀಳುತ್ತದೆ. ಇಂತಹ 'ಪ್ರತಿರೋಧಕ'ಗಳಲ್ಲಿ ಅಮಿನಾಪ್ಟೆರಿನ್ ಪ್ರಮುಖವಾದುದು.

ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಇದನ್ನು ರಕ್ತದ ಕ್ಯಾನ್ಸರ್‌ನಿಂದ ನರಳುತ್ತಿದ್ದ ಮಕ್ಕಳಿಗೆ ನೀಡಿದರು. 1948ರ ಜೂನ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, 16 ಮಕ್ಕಳ ಪೈಕಿ 10 ಮಂದಿಯಲ್ಲಿ ಸುಧಾರಣೆ ಕಂಡುಬಂತು. ಅದು ತಾತ್ಕಾಲಿಕವಾಗಿತ್ತು, ನಿಜ. ಆದರೂ ಔಷಧದಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂಬ ಭರವಸೆ ಅಲ್ಲಿಂದ ಮೂಡಿತು. ಆ ಪ್ರಬಂಧದ ಲೇಖಕರು ಐವರು; ಅವರಲ್ಲಿ ಸುಬ್ಬರಾವ್ ಇಲ್ಲ. ಅಮಿನಾಪ್ಟೆರಿನ್ ತಯಾರಿಕೆಯನ್ನು ಕುರಿತ 1947ರ ಪ್ರಕಟಣೆಯಲ್ಲಿಯೂ ಲೆಡರ್ಲಿಯ ಮೂವರು ರಸಾಯನಶಾಸ್ತ್ರಜ್ಞರ ಹೆಸರುಗಳಿವೆಯೇ ಹೊರತು ನಿರ್ದೇಶಕರ ಹೆಸರಿಲ್ಲ. ಫಾರ್ಬರ್ ವರದಿ ಹೊರಬಂದ ಎರಡೇ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿಧನರಾದರು.

ಉಲ್ಲೇಖಗಳ ಎಣಿಕೆಯ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಎಣಿಕೆಗೆ ಸಿಗುವುದು ಲೇಖಕರ ಪಟ್ಟಿಯಲ್ಲಿರುವ ಹೆಸರು ಮಾತ್ರ. ಯಾವ ಪ್ರಶ್ನೆಯನ್ನು ಬೆನ್ನಟ್ಟಬೇಕು, ತಯಾರಾದ ವಸ್ತುವನ್ನು ಯಾವ ವೈದ್ಯರಿಗೆ ತಲುಪಿಸಬೇಕು ಎಂದು ನಿರ್ಧರಿಸಿದವರ ಪಾಲು ಅದರಲ್ಲಿ ಕಾಣುವುದಿಲ್ಲ. ಎರಡನೆಯದಾಗಿ, ವಿಧಾನಗಳನ್ನು ವಿವರಿಸುವ ಪ್ರಬಂಧಗಳಿಗೆ ಇತರ ಪ್ರಬಂಧಗಳಿಗಿಂತ ಹೆಚ್ಚು ಉಲ್ಲೇಖಗಳು ದೊರೆಯುವುದು ಸಾಮಾನ್ಯ. ಮೂರನೆಯದು ಇನ್ನೂ ಸ್ವಾರಸ್ಯಕರ: ಸಂಶೋಧನೆಯೊಂದು ಎಲ್ಲರಿಗೂ ತಿಳಿದ ಸಂಗತಿಯಾದ ಬಳಿಕ ಅದರ ಮೂಲ ಪ್ರಬಂಧವನ್ನು ಯಾರೂ ಉಲ್ಲೇಖಿಸುವುದಿಲ್ಲ. ಅಮಿನಾಪ್ಟೆರಿನ್‌ನ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಕುರಿತು ಬರೆಯುವ ವೈದ್ಯರು ಇಂದು 1947ರ ಪ್ರಕಟಣೆಯನ್ನು ಹೆಸರಿಸುವ ಅಗತ್ಯ ಕಾಣುವುದು ಅಪರೂಪ.

ಹಾಗೆಂದು ಉಲ್ಲೇಖಗಳ ಲೆಕ್ಕ ನಿರುಪಯುಕ್ತವೆಂದು ಭಾವಿಸಬೇಕಿಲ್ಲ. ಒಂದು ಪ್ರಬಂಧವನ್ನು ಸಹೋದ್ಯೋಗಿಗಳು ಎಷ್ಟರಮಟ್ಟಿಗೆ ಬಳಸಿಕೊಂಡರು ಎಂಬುದರ ಸ್ಥೂಲ ಚಿತ್ರ ಅದರಿಂದ ದೊರೆಯುತ್ತದೆ. ಅದೊಂದನ್ನೇ ನೆಚ್ಚಿ ವ್ಯಕ್ತಿಯ ಯೋಗ್ಯತೆಯನ್ನು ನಿರ್ಧರಿಸಿದಾಗ ಅನ್ಯಾಯವಾಗುತ್ತದೆ. ಪತ್ರಿಕೆಗಳ ಅಂಕಗಳನ್ನು ನೆಚ್ಚದೆ ಸಂಶೋಧನೆಯ ತಿರುಳನ್ನು ಪರಿಶೀಲಿಸಬೇಕೆಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಕರೆ ನೀಡಿದ್ದು ಇದೇ ಕಾರಣಕ್ಕೆ.

ಮೆಥೊಟ್ರೆಕ್ಸೇಟ್ ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಉತ್ತಮ ಚಿಕಿತ್ಸಾ ಸೌಲಭ್ಯವಿರುವ ದೇಶಗಳಲ್ಲಿ, ಮಕ್ಕಳನ್ನು ಹೆಚ್ಚಾಗಿ ಬಾಧಿಸುವ ಬಗೆಯ ರಕ್ತದ ಕ್ಯಾನ್ಸರ್‌ನಿಂದ ಇಂದು ಸುಮಾರು ಶೇ. 90ರಷ್ಟು ಮಕ್ಕಳು ಬದುಕುಳಿಯುತ್ತಿದ್ದಾರೆ. ಅವರಿಗೆ ನೀಡುವ ಹಲವು ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಕೂಡ ಒಂದು. ಸುಬ್ಬರಾವ್ ಅವರ ಸಾಧನೆಯನ್ನು ಅಳೆಯಬೇಕಾದವರು ಈ ಮಕ್ಕಳನ್ನೂ ಎಣಿಸಬೇಕು.