ಕರುಣ್‌ನನ್ನು ಕೈಬಿಟ್ಟವರು ಯಾರು?

ಆಯ್ಕೆಗಾರರ ಮೇಲಿನ ನಮ್ಮ ಸಿಟ್ಟಿನಲ್ಲಿ ಖರೆ ಎಷ್ಟು, ಕಟ್ಟುಕತೆ ಎಷ್ಟು?

ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಹೊರಟರೆ ರಾಜೇಶ್ವರ. ಭಾರತ ತಂಡ ಪ್ರಕಟವಾದ ದಿನ ಇಲ್ಲಿನ ಚಹಾದ ಅಂಗಡಿಗಳಲ್ಲಿ ಆಯ್ಕೆ ಸಮಿತಿಗೆ ಉಳಿಗಾಲವಿಲ್ಲ. ಈ ಸೀಮೆಯ ಅಭಿಮಾನಕ್ಕೆ ಎರಡು ದಿಕ್ಕು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನೆಲ ಇದು. ಹೈದರಾಬಾದಿನ ಲಕ್ಷ್ಮಣ್‌ರನ್ನು ಬಿಟ್ಟು ದಿನೇಶ್ ಮೊಂಗಿಯಾರನ್ನು 2003ರ ವಿಶ್ವಕಪ್ಪಿಗೆ ಒಯ್ದದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಹುಡುಗರ ಮನಸ್ಸು ಬೆಂಗಳೂರಿನ ಕಡೆ. ಎರಡೂ ಪಾಳಯ ಒಂದಾಗುವುದು ಒಂದೇ ಹೆಸರಿಗೆ: ಕರುಣ್ ನಾಯರ್. ‘ಮುನ್ನೂರ್ ಹೊಡದ್ರೂ ಮನಿಗಿ ಕಳ್ಸಿದ್ರಲ್ರಿ, ಎಲ್ಲಾ ಮುಂಬೈದವರ ಆಟ ಅದ!’

ಈ ಮಾತನ್ನು ಒಮ್ಮೆ ಬಿಚ್ಚಿ ನೋಡಬೇಕು.

2016ರ ಡಿಸೆಂಬರ್ 19, ಚೆನ್ನೈ. ಇಂಗ್ಲೆಂಡ್ ವಿರುದ್ಧ ಕರುಣ್ ಅಜೇಯ 303. ಎದುರಿಸಿದ್ದು 381 ಎಸೆತ. ಅದು ಅವರ ಮೂರನೆಯ ಟೆಸ್ಟ್ ಇನ್ನಿಂಗ್ಸ್. ಹಿಂದಿನ ಎರಡರಲ್ಲಿ 4 ಮತ್ತು 13. ಮೊದಲ ಶತಕವನ್ನೇ ಮುನ್ನೂರಕ್ಕೆ ಒಯ್ದವರು ಅಲ್ಲಿಯವರೆಗೆ ಜಗತ್ತಿನಲ್ಲಿ ಇಬ್ಬರೇ, ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಅದೇ ಇನ್ನಿಂಗ್ಸ್‌ನಲ್ಲಿ ಕೆ.ಎಲ್. ರಾಹುಲ್ 199ಕ್ಕೆ ಔಟಾಗಿದ್ದರು. ಕರ್ನಾಟಕದ ಪಾಲಿಗೆ ಅಂಥ ದಿನಗಳು ಹೆಚ್ಚು ಬರುವುದಿಲ್ಲ.

ಮುಂದಿನ ಟೆಸ್ಟ್ 2017ರ ಫೆಬ್ರುವರಿಯಲ್ಲಿ, ನಮಗೆ ಹತ್ತಿರದ ಹೈದರಾಬಾದಿನಲ್ಲೇ, ಬಾಂಗ್ಲಾದೇಶದ ಎದುರು. ಹನ್ನೊಂದರಲ್ಲಿ ಕರುಣ್ ಇಲ್ಲ! ಗಾಯಗೊಂಡು ಹೊರಗಿದ್ದ ರಹಾನೆ ಮರಳಿದ್ದರು. ರಹಾನೆ ಎರಡು ವರ್ಷ ಪಟ್ಟ ಶ್ರಮವನ್ನು ಒಂದು ಪಂದ್ಯ ಅಳಿಸಲಾರದು ಎಂಬುದು ನಾಯಕ ಕೊಹ್ಲಿಯ ವಾದ. ಕಹಿಯಾದರೂ ಅದರಲ್ಲಿ ನ್ಯಾಯವಿದೆ. ಗಾಯಾಳುವಿನ ಜಾಗ ಗಾಯಾಳುವಿಗೇ ಎಂಬ ನಿಯಮ ನಾಳೆ ಕರುಣ್‌ಗೂ ಬೇಕಾಗಬಹುದಿತ್ತು. ಇಲ್ಲಿ ಇನ್ನೊಂದು ವಿಷಯ. ಸಮಿತಿ ಆರಿಸುವುದು ತಂಡವನ್ನು; ಆ ದಿನ ಮೈದಾನಕ್ಕೆ ಇಳಿಯುವ ಹನ್ನೊಂದು ಮಂದಿಯನ್ನು ನಿರ್ಧರಿಸುವವರು ನಾಯಕ ಮತ್ತು ತರಬೇತುದಾರ. ಬೈಗುಳದ ಅರ್ಧ ಪಾಲು ವಿಳಾಸ ತಪ್ಪಿ ಹೋಗುವುದು ಇದರಿಂದಲೇ.

ಮುನ್ನೂರರ ನಂತರ ಅವಕಾಶವೇ ಸಿಗಲಿಲ್ಲ ಎನ್ನುವುದೂ ಸುಳ್ಳು. ಆ ವರ್ಷ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರು, ರಾಂಚಿ, ಧರ್ಮಶಾಲಾಗಳಲ್ಲಿ ಅವರು ಆಡಿದರು. ಗಳಿಸಿದ್ದು 26, 0, 23, 5. ಜನ 303 ನೆನಪಿಟ್ಟುಕೊಂಡರು, ಈ ನಾಲ್ಕನ್ನು ಮರೆತರು.

ನಿಜವಾದ ಅನ್ಯಾಯ ನಡೆದದ್ದು 2018ರಲ್ಲಿ. ಇಂಗ್ಲೆಂಡ್ ಪ್ರವಾಸದ ಮೊದಲ ದಿನದಿಂದ ಕರುಣ್ ತಂಡದ ಜೊತೆಗಿದ್ದರು, ಒಂದು ಟೆಸ್ಟನ್ನೂ ಆಡದೆ. ಕೊನೆಯ ಎರಡು ಟೆಸ್ಟ್‌ಗಳಿಗೆಂದು ಪೃಥ್ವಿ ಶಾ ಮತ್ತು ಹನುಮ ವಿಹಾರಿ ಬಂದು ಸೇರಿದರು. ಓವಲ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಬೇಕಾದಾಗ ಕಾದು ಕೂತವರನ್ನು ಬಿಟ್ಟು ನಡುವೆ ಬಂದ ವಿಹಾರಿಗೆ ಕ್ಯಾಪ್ ಕೊಟ್ಟರು. ವಿಹಾರಿ 56 ಹೊಡೆದರು, ಮೂರು ವಿಕೆಟ್ ಕೂಡ ಕಿತ್ತರು. ‘ನೋಡಿ, ನಿರ್ಧಾರ ಸರಿಯಾಗಿತ್ತಲ್ಲ’ ಎಂದವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಹೊಲಕ್ಕೆ ಹದ ನೋಡದೆ ಬಿತ್ತಿದವನಿಗೂ ಒಮ್ಮೊಮ್ಮೆ ತೊಗರಿ ಕೈತುಂಬ ಬರುತ್ತದೆ. ಅದು ಮಳೆಯ ಔದಾರ್ಯ, ಅವನ ಲೆಕ್ಕಾಚಾರವಲ್ಲ. ಕರುಣ್ ಬೇಡವೆಂದಿದ್ದರೆ ಪ್ರವಾಸಕ್ಕೆ ಒಯ್ದದ್ದೇಕೆ?

ಕೆಲವೇ ವಾರಗಳಲ್ಲಿ ವೆಸ್ಟ್ ಇಂಡೀಸ್ ಸರಣಿಯ ತಂಡದಿಂದಲೇ ಅವರ ಹೆಸರು ಹೋಯಿತು. ಈ ಸಲ ವಿಳಾಸ ಸರಿಯಾಗಿ ಸಮಿತಿಯದೇ. ತನ್ನೊಂದಿಗೆ ಯಾರೂ ಮಾತಾಡಲಿಲ್ಲವೆಂದರು ಕರುಣ್. ಮಾತಾಡಿದ್ದೇನೆ ಎಂದರು ಮುಖ್ಯಸ್ಥ ಎಂ.ಎಸ್.ಕೆ. ಪ್ರಸಾದ್. ಇಬ್ಬರಲ್ಲಿ ಯಾರು ಸರಿಯೋ, ಅಂಥ ವಿಷಯ ಪತ್ರಿಕೆಗಳಲ್ಲಿ ಜಗಳವಾಗುವ ಹಂತಕ್ಕೆ ಬಂದದ್ದೇ ಸಮಿತಿಗೆ ಶೋಭೆಯಲ್ಲ.

ಆಯ್ಕೆಗಾರರ ಧೈರ್ಯಕ್ಕೂ ಸಾಕ್ಷಿ ನಮ್ಮವರೇ. 1967–68ರ ಆಸ್ಟ್ರೇಲಿಯಾ ಪ್ರವಾಸದ ನಂತರ ಕರ್ನಾಟಕದ ಸ್ಪಿನ್ನರ್ ಚಂದ್ರಶೇಖರ್ ಭಾರತ ತಂಡದಿಂದ ದೂರವಿದ್ದರು. ವಿಜಯ್ ಮರ್ಚಂಟ್ ನೇತೃತ್ವದ ಸಮಿತಿ 1971ರಲ್ಲಿ ಅವರನ್ನು ಇಂಗ್ಲೆಂಡಿಗೆ ಕಳಿಸಿತು. ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಸರಣಿ ಗೆಲುವು. ಚಂದ್ರ ಅಲ್ಲಿ ಸೋತಿದ್ದರೂ ಆ ಆಯ್ಕೆ ಸರಿಯೇ ಆಗಿರುತ್ತಿತ್ತು ಎಂಬುದು ನನ್ನ ಮಾತು.

ಕರುಣ್ ಕತೆಯ ಇನ್ನೊಂದು ಪುಟವನ್ನು ನಮ್ಮ ಕಡೆ ಯಾರೂ ತೆರೆಯುವುದಿಲ್ಲ. 2022ರಲ್ಲಿ ಅವರನ್ನು ಕೈಬಿಟ್ಟದ್ದು ಮುಂಬೈಯೂ ಅಲ್ಲ, ದೆಹಲಿಯೂ ಅಲ್ಲ, ಸ್ವತಃ ಕರ್ನಾಟಕ. ಆ ಡಿಸೆಂಬರ್‌ನಲ್ಲಿ ‘ಪ್ರೀತಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು’ ಎಂಬ ಅರ್ಥದ ಒಂದು ಸಾಲನ್ನು ಅವರು ಟ್ವಿಟರ್‌ನಲ್ಲಿ ಹಾಕಿದರು. ಅವಕಾಶ ಕೊಟ್ಟದ್ದು ವಿದರ್ಭ. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್, ಐದು ಶತಕ. ಫೈನಲ್‌ವರೆಗೆ ಏಳು ಇನ್ನಿಂಗ್ಸ್‌ಗಳಲ್ಲಿ ಔಟಾದದ್ದು ಒಂದೇ ಸಲ. ಫೈನಲ್‌ನಲ್ಲಿ ಎದುರಾದದ್ದು ಕರ್ನಾಟಕ, ಗೆದ್ದದ್ದೂ ಕರ್ನಾಟಕ. ಅದೇ ಋತುವಿನ ರಣಜಿಯಲ್ಲಿ 863 ರನ್. ಕೇರಳ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135, ಟ್ರೋಫಿ ವಿದರ್ಭಕ್ಕೆ.

ಅಗರ್ಕರ್ ನೇತೃತ್ವದ ಆಯ್ಕೆ ಸಮಿತಿ ಆ ರನ್‌ಗಳಿಗೆ ಬೆಲೆ ಕೊಟ್ಟು 2025ರಲ್ಲಿ ಅವರನ್ನು ಇಂಗ್ಲೆಂಡಿಗೆ ಕರೆದೊಯ್ದಿತು. ನಾಲ್ಕು ಟೆಸ್ಟ್, ಎಂಟು ಇನ್ನಿಂಗ್ಸ್, 205 ರನ್. ಓವಲ್‌ನ 57 ಒಂದೇ ಅರ್ಧಶತಕ. ನಂತರದ ವೆಸ್ಟ್ ಇಂಡೀಸ್ ಸರಣಿಗೆ ಹೆಸರಿರಲಿಲ್ಲ. ಕರುಣ್ ಅವರಿಂದ ಇನ್ನೂ ಸ್ವಲ್ಪ ಹೆಚ್ಚು ನಿರೀಕ್ಷಿಸಿದ್ದೆವು ಎಂದು ಅಗರ್ಕರ್ ಎಲ್ಲರೆದುರು ಹೇಳಿದರು. ಮೂವತ್ತಮೂರರ ವಯಸ್ಸಿಗೆ ನಿಷ್ಠುರ ಮಾತು, ಆದರೆ ಕಾರಣ ಗೊತ್ತಾಯಿತು. 2018ರ ಮೌನಕ್ಕಿಂತ ಇದು ಎಷ್ಟೋ ಮೇಲು. ಆ ತಂಡದಲ್ಲಿ ಅವರ ಜಾಗಕ್ಕೆ ಬಂದ ದೇವದತ್ತ ಪಡಿಕ್ಕಲ್ ಕೂಡ ಕರ್ನಾಟಕದವರೇ. ಮುಂಬೈ ಪಿತೂರಿಯ ವಾದಕ್ಕೆ ಇಲ್ಲಿ ಕಾಲೂರಲು ಜಾಗವಿಲ್ಲ.

ಆಯ್ಕೆಗಾರರನ್ನು ತೂಗುವವರು ಸ್ಕೋರ್‌ಬೋರ್ಡ್‌ಗೆ ಕಾಯಬೇಕಿಲ್ಲ. ತಂಡ ಪ್ರಕಟಿಸಿದ ದಿನ ಅವರ ಮುಂದೆ ಏನಿತ್ತು, ಬಿಟ್ಟವರಿಗೆ ಏನು ಹೇಳಿದರು, ಇವೆರಡು ಸಾಕು. ಇದೇ ಪ್ರಶ್ನೆಯನ್ನು ಬೆಂಗಳೂರಿನ ರಾಜ್ಯ ಸಂಸ್ಥೆಗೂ ಕೇಳಬೇಕು: 2022ರಲ್ಲಿ ಕರುಣ್‌ನನ್ನು ಬಿಟ್ಟ ಕಾರಣವೇನು? ಕೈಬಿಟ್ಟ ಪ್ರತಿ ಆಟಗಾರನಿಗೂ ಕಾರಣವನ್ನು ಬರವಣಿಗೆಯಲ್ಲಿ ಕೊಡುವ ಪದ್ಧತಿಯನ್ನು ಮೊದಲು ಕರ್ನಾಟಕವೇ ಶುರುಮಾಡಲಿ.