ಆಲಮಟ್ಟಿಯ ಎತ್ತರ, ಬಾಗಲಕೋಟೆಯ ಅಂಗಡಿ

ಬಾಗಲಕೋಟೆ ಜಿಲ್ಲೆಯ ಚುನಾವಣಾ ಸಭೆಗಳಲ್ಲಿ ಆಲಮಟ್ಟಿ ಅಣೆಕಟ್ಟೆಯ ಮಾತು ತಪ್ಪದು. ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಹೊಲಕ್ಕೆ ದರವೆಷ್ಟು ಎಂಬುದೇ ಎಲ್ಲ ಪಕ್ಷಗಳ ಚರ್ಚೆಯ ತಿರುಳು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿಪಡಿಸಿತು. ರೈತರು ಒಗ್ಗಟ್ಟಿನಿಂದ ಹೋರಾಡಿದ್ದರ ಫಲವಿದು, ಆಕ್ಷೇಪಕ್ಕೆ ಎಡೆಯಿಲ್ಲ.

ವರ್ತಕರ ಲೆಕ್ಕ ಬೇರೆ. 2013ರ ಭೂಸ್ವಾಧೀನ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಬಾಧಿತ ಸಣ್ಣ ವ್ಯಾಪಾರಿಯ ಕುಟುಂಬಕ್ಕೆ ದೊರೆಯುವ ಒಂದಾವರ್ತಿ ನೆರವು ಕನಿಷ್ಠ 25,000 ರೂಪಾಯಿ. ಕಟ್ಟಡಕ್ಕೆ ಪ್ರತ್ಯೇಕ ಬೆಲೆ ಕಟ್ಟುತ್ತಾರೆ, ನಿಜ. ಆದರೆ ಬಾಡಿಗೆ ಮಳಿಗೆಯಲ್ಲಿ ಇಳಕಲ್ ಸೀರೆ ಮಾರುವವನಿಗೆ ಅದು ಸೇರದು. ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳ ಗಿರಾಕಿಗಳನ್ನು ಅವನು ಹೊಸ ಜಾಗಕ್ಕೆ ಹೊತ್ತೊಯ್ಯಲಾರ. ಗಳಿಕೆಯ ನಷ್ಟ ಕೇಳಲು 28ನೆಯ ಕಲಮು ದಾರಿ ತೆರೆದಿದೆ. ಅದಕ್ಕೆ ಕಿರ್ದಿ-ಖಾತೆ ಬೇಕು. ವಹಿವಾಟನ್ನು ಕಡಿಮೆ ತೋರಿಸಿದ ಕಿರ್ದಿಯು ಅಲ್ಲಿ ಬರೆದವನ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಸಂಘಟನೆಯ ಬಲವನ್ನು ಈ ಜಿಲ್ಲೆ ಕಾಣದೆ ಇಲ್ಲ. ರೈತರ ವಂತಿಗೆ ಹಾಗೂ ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಬ್ಯಾರೇಜು ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯನವರ ಗೆಲುವಿನ ಅಂತರ ಕೇವಲ 1,696 ಮತ. ಒಂದು ಪೇಟೆಯ ವರ್ತಕ ಕುಟುಂಬಗಳು ಏರುಪೇರು ಮಾಡಬಹುದಾದ ಸಂಖ್ಯೆಯದು. ಆದರೂ ವರ್ತಕರು ಪಕ್ಷಗಳಿಗೆ ದೇಣಿಗೆ ಕೊಡುವಾಗ ಒಬ್ಬೊಬ್ಬರಾಗಿಯೇ ಹೋಗುತ್ತಾರೆ. ಬಾಡಿಗೆದಾರನ ಗಳಿಕೆಗೆ ಪರಿಹಾರ, ಹೊಸ ಮಳಿಗೆಯಲ್ಲಿ ಮೊದಲ ಹಕ್ಕು ಎಂಬ ಎರಡು ಬೇಡಿಕೆಗಳನ್ನಾದರೂ ಲಿಖಿತವಾಗಿ ಮುಂದಿಟ್ಟು, ಅಭ್ಯರ್ಥಿಗಳಿಂದ ಲಿಖಿತ ಉತ್ತರವನ್ನೇ ಕೇಳಬಹುದು.