ದೊಡ್ಡ ಪರೀಕ್ಷೆಯ ಒಡಲಲ್ಲಿ ಪುಟ್ಟ ಅಧ್ಯಯನ

ಹೊಸ ಔಷಧಿಯೊಂದು ಹಳೆಯದಕ್ಕಿಂತ ಉತ್ತಮವೇ ಎಂದು ತಿಳಿಯಲು ಸಾವಿರಾರು ರೋಗಿಗಳನ್ನು ಒಳಗೊಂಡ ಚಿಕಿತ್ಸಾ ಪರೀಕ್ಷೆ ನಡೆಸುತ್ತಾರೆ. ಯಾವ ರೋಗಿಗೆ ಯಾವ ಔಷಧಿ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸುತ್ತಾರೆ. ಯಾವ ಗುಂಪಿನಲ್ಲಿ ಹೆಚ್ಚು ಜನ ಬದುಕಿದರು ಎಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯುತ್ತದೆ. ಆದರೆ ಅವರು ಏಕೆ ಬದುಕಿದರು? ಇದಕ್ಕೆ ಉತ್ತರ ಹುಡುಕಲು, ಅದೇ ರೋಗಿಗಳಲ್ಲಿ ಕೆಲವರನ್ನು ಆಯ್ದು ಹೆಚ್ಚಿನ ತಪಾಸಣೆ ನಡೆಸುವುದುಂಟು. ಇದೇ ಉಪ ಅಧ್ಯಯನ. 1993ರಲ್ಲಿ ಪ್ರಕಟವಾದ 'ಗಸ್ಟೊ' ಪರೀಕ್ಷೆ ಇದಕ್ಕೊಂದು ಒಳ್ಳೆಯ ನಿದರ್ಶನ.

ಬಿಡಿಸಲಾಗದ ಒಗಟು

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತರೆ ಹೃದಯಾಘಾತವಾಗುತ್ತದೆ. ಆ ಹೆಪ್ಪನ್ನು ಕರಗಿಸಲು ಆಗ ಮುಖ್ಯವಾಗಿ ಎರಡು ಔಷಧಿಗಳಿದ್ದವು. ಸ್ಟ್ರೆಪ್ಟೊಕೈನೇಸ್ ಬ್ಯಾಕ್ಟೀರಿಯಗಳಿಂದ ಪಡೆಯುವಂಥದು. ಟಿಪಿಎ ನಮ್ಮ ದೇಹದಲ್ಲೇ ಇರುವ ಪ್ರೋಟೀನು. ಔಷಧಿಯಾಗಿ ಅದನ್ನು ತಳಿ ತಂತ್ರಜ್ಞಾನದಿಂದ ತಯಾರಿಸುತ್ತಾರೆ. ಇದು ಹಲವು ಪಟ್ಟು ದುಬಾರಿ.

ಟಿಪಿಎ ಹೆಪ್ಪನ್ನು ಬೇಗ ಕರಗಿಸುತ್ತದೆಂದು ತಿಳಿದಿತ್ತು. ಆದರೂ ಗಿಸ್ಸಿ-2 (1990) ಮತ್ತು ಐಸಿಸ್-3 (1992) ಎಂಬ ಎರಡು ಬೃಹತ್ ಪರೀಕ್ಷೆಗಳಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಧಮನಿ ಬೇಗ ತೆರೆದುಕೊಂಡರೆ ಜೀವ ಉಳಿಯುತ್ತದೆ ಎಂಬ ಕಲ್ಪನೆಯೇ ತಪ್ಪೇ?

ಎರಡು ಹಂತದ ಉತ್ತರ

ಗಸ್ಟೊ ಪರೀಕ್ಷೆಯಲ್ಲಿ 15 ದೇಶಗಳ 1,081 ಆಸ್ಪತ್ರೆಗಳ 41,021 ರೋಗಿಗಳಿದ್ದರು. ಅವರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು. ಎರಡು ಗುಂಪುಗಳಿಗೆ ಸ್ಟ್ರೆಪ್ಟೊಕೈನೇಸ್, ಮೂರನೆಯದಕ್ಕೆ ಟಿಪಿಎ, ನಾಲ್ಕನೆಯದಕ್ಕೆ ಎರಡೂ ಔಷಧಿಗಳ ಮಿಶ್ರ ಚಿಕಿತ್ಸೆ. ಹಿಂದೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೊಡುತ್ತಿದ್ದ ಟಿಪಿಎಯನ್ನು ಇಲ್ಲಿ ಮೂರನೆಯ ಗುಂಪಿಗೆ 90 ನಿಮಿಷಗಳಲ್ಲೇ ಕೊಟ್ಟು ಮುಗಿಸಿದರು. 30 ದಿನಗಳೊಳಗಿನ ಸಾವು ಈ ಗುಂಪಿನಲ್ಲಿ ಶೇಕಡಾ 6.3, ಸ್ಟ್ರೆಪ್ಟೊಕೈನೇಸ್ ಗುಂಪುಗಳಲ್ಲಿ ಶೇಕಡಾ 7.2 ಮತ್ತು 7.4, ಮಿಶ್ರ ಚಿಕಿತ್ಸೆಯಲ್ಲಿ 7.0. ಅಂದರೆ ಸಾವಿರ ರೋಗಿಗಳಲ್ಲಿ ಸುಮಾರು ಹತ್ತು ಜೀವಗಳ ಉಳಿತಾಯ. ಆದರೆ ಮೆದುಳಿನ ರಕ್ತಸ್ರಾವ ಟಿಪಿಎ ಗುಂಪಿನಲ್ಲಿ ತುಸು ಹೆಚ್ಚಿತ್ತು.

ಕಾರಣ ತಿಳಿಯಲು 2,431 ರೋಗಿಗಳಲ್ಲಿ ಉಪ ಅಧ್ಯಯನ ನಡೆಯಿತು. ಸಪೂರ ನಳಿಕೆಯ ಮೂಲಕ ಧಮನಿಗೆ ವಿಶೇಷ ದ್ರವ ಹಾಯಿಸಿ ಎಕ್ಸ್-ಕಿರಣ ಚಿತ್ರ ತೆಗೆಯುವ ಆಂಜಿಯೋಗ್ರಾಮ್ ತಪಾಸಣೆ ಇದು. ಯಾರಿಗೆ 90 ನಿಮಿಷಕ್ಕೆ, ಯಾರಿಗೆ 180 ನಿಮಿಷಕ್ಕೆ, ಯಾರಿಗೆ ಇನ್ನೂ ತಡವಾಗಿ ಚಿತ್ರ ತೆಗೆಯಬೇಕೆಂಬುದೂ ಯಾದೃಚ್ಛಿಕವಾಗಿಯೇ ನಿರ್ಧಾರವಾಯಿತು.

90 ನಿಮಿಷಕ್ಕೆ ಟಿಪಿಎ ಪಡೆದವರಲ್ಲಿ ಶೇಕಡಾ 81ರಷ್ಟು ಜನರ ಧಮನಿ ತೆರೆದಿತ್ತು. ಸ್ಟ್ರೆಪ್ಟೊಕೈನೇಸ್ ಗುಂಪುಗಳಲ್ಲಿ ಈ ಪ್ರಮಾಣ 54 ಮತ್ತು 60. ಆದರೆ 180 ನಿಮಿಷದ ವೇಳೆಗೆ ಎಲ್ಲ ಗುಂಪುಗಳೂ ಸಮವಾದವು! ಟಿಪಿಎ ಗಳಿಸಿಕೊಟ್ಟದ್ದು ಆ ಆರಂಭದ ಅವಧಿಯನ್ನು ಮಾತ್ರ. 90 ನಿಮಿಷಕ್ಕೆ ರಕ್ತದ ಹರಿವು ಸಹಜವಾಗಿದ್ದವರಲ್ಲಿ ಸಾವು ಶೇಕಡಾ 4.4, ಹರಿವೇ ಇಲ್ಲದವರಲ್ಲಿ 8.9. ಒಗಟು ಬಿಡಿಸಿಕೊಂಡಿತು.

ಎರಡೂ ಏಕೆ ಬೇಕು?

ಒಂದು ಸರಳ ಲೆಕ್ಕ ಮಾಡಿ. 41,021 ರೋಗಿಗಳನ್ನು ನಾಲ್ಕು ಭಾಗ ಮಾಡಿದರೆ ಗುಂಪಿಗೆ ಸುಮಾರು 10,000 ಜನ. ಸಾವಿನಲ್ಲಿ ಶೇಕಡಾ 1ರ ವ್ಯತ್ಯಾಸ ಎಂದರೆ 100 ಜನ. ಅದು ಸ್ಪಷ್ಟವಾಗಿ ಕಾಣುತ್ತದೆ. ಉಪ ಅಧ್ಯಯನದಲ್ಲಿ ಗುಂಪಿಗೆ ಸುಮಾರು 600 ಜನ; ಅದೇ ವ್ಯತ್ಯಾಸ ಇಲ್ಲಿ ಕೇವಲ ಆರು ಜನ. ಅಷ್ಟು ಏರುಪೇರು ಆಕಸ್ಮಿಕವಾಗಿಯೂ ಆಗಬಹುದು. ಅಂದರೆ ಜೀವ ಉಳಿಸುವ ಔಷಧಿ ಯಾವುದೆಂದು ಉಪ ಅಧ್ಯಯನವೊಂದೇ ಹೇಳಲಾರದು. ಇನ್ನೊಂದೆಡೆ, 41,021 ಮಂದಿಗೂ ನಿಗದಿತ ನಿಮಿಷಕ್ಕೆ ಆಂಜಿಯೋಗ್ರಾಮ್ ಮಾಡುವುದು ಅಸಾಧ್ಯ.

ಉಪ ಅಧ್ಯಯನದ ಎಲ್ಲ ಹೋಲಿಕೆಗಳೂ ಒಂದೇ ತೂಕದವಲ್ಲ ಎಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಔಷಧಿ ಗುಂಪುಗಳ ನಡುವಿನ ಹೋಲಿಕೆಗೆ ಯಾದೃಚ್ಛಿಕ ಹಂಚಿಕೆಯ ಬಲವಿದೆ. ಧಮನಿ ತೆರೆದವರು ಮತ್ತು ತೆರೆಯದವರ ಹೋಲಿಕೆಗೆ ಆ ಬಲವಿಲ್ಲ. ತೆರೆಯದವರು ಮೊದಲಿನಿಂದಲೇ ಹೆಚ್ಚು ಅಸ್ವಸ್ಥರಾಗಿದ್ದಿರಬಹುದು. ಈ ಕೊರತೆಯನ್ನು ತುಂಬಿದ್ದು ಮತ್ತೆ ದೊಡ್ಡ ಪರೀಕ್ಷೆಯೇ. ಉಪ ಅಧ್ಯಯನದ ಹರಿವಿನ ಅಂಕಿಗಳಿಂದ ನಾಲ್ಕೂ ಗುಂಪುಗಳಲ್ಲಿ ಎಷ್ಟು ಸಾವು ನಿರೀಕ್ಷಿಸಬಹುದೆಂದು ಲೆಕ್ಕ ಹಾಕಿದಾಗ, ಅದು ಮುಖ್ಯ ಪರೀಕ್ಷೆಯಲ್ಲಿ ಕಂಡ ಸಾವುಗಳಿಗೆ ಬಹಳ ಹತ್ತಿರವಾಗಿತ್ತು. ಈ ವಿಶ್ಲೇಷಣೆ 1995ರಲ್ಲಿ ಪ್ರಕಟವಾಯಿತು.

ಇಂದು ಸಕಾಲದಲ್ಲಿ ಸಾಧ್ಯವಿರುವೆಡೆ ಬಲೂನ್ ಮತ್ತು ಸ್ಟೆಂಟ್ ಬಳಸಿ ಧಮನಿ ತೆರೆಯುವುದೇ ಮೊದಲ ಆಯ್ಕೆ. ಅದು ಸಾಧ್ಯವಿಲ್ಲದೆಡೆ ಹೆಪ್ಪು ಕರಗಿಸುವ ಔಷಧಿಗಳು ಈಗಲೂ ಬಳಕೆಯಲ್ಲಿವೆ. ವಿಧಾನ ಯಾವುದೇ ಇರಲಿ, ಎದೆನೋವು ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕೆಂಬ ಮಾತಿಗೆ ಆ 2,431 ರೋಗಿಗಳ ಚಿತ್ರಗಳು ಗಟ್ಟಿಯಾದ ಆಧಾರ ಒದಗಿಸಿವೆ.